ಮೊರಪ್ಪೂರಿನ ಗಿಳಿ ಎಳೆದ ಚಿತ್ರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ತೊಂಬತ್ತಮೂರರ ಬೇಸಿಗೆಯಲ್ಲಿ ನಾನೇ ಕಣ್ಣಾರೆ ಕಂಡದ್ದು. ಅಣ್ಣ ಸೇಲಂ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ. ಅವನನ್ನು ನೋಡಲು ಹೊರಟ ನಾನೂ ರಾಧಾ ಅತ್ತಿಗೆಯೂ ಮೊರಪ್ಪೂರು ಸ್ಟೇಷನ್ನಿನ ಬೇವಿನ ಮರದಡಿ ಗಿಳಿಶಾಸ್ತ್ರದವನ ಮುಂದೆ ಕುಳಿತೆವು.

ಗಿಳಿ ಒಂದು ಚೀಟಿ ಎಳೆಯಿತು. ದೇವರ ಚಿತ್ರವಿರಬೇಕಾದಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಗಸು. ಉದ್ದ ಜಡೆ, ಮುಡಿತುಂಬ ಕನಕಾಂಬರ. ಆ ಸುಡುಬಿಸಿಲಿನಲ್ಲೂ ಚೀಟಿ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಬಣ್ಣ ಇನ್ನೂ ಹಸಿ.

“ಇದು ನನ್ ಕಟ್ಟಿಂದಲ್ಲ ಸಾಮಿ,” ಅಂದ ಅವನು. ಗಿಳಿ ಭತ್ತದ ಕಾಳು ಮುಟ್ಟಲಿಲ್ಲ.

“ಮಕಾನೇ ಕಾಣಾಕಿಲ್ಲ. ಅವ್ರು ಉಳೀತಾರಾ ಇಲ್ವಾ? ಇನ್ನೊಂದ್ಕಿತ ತೆಗಿಸಪ್ಪಾ,” ಅಂದಳು ಅತ್ತಿಗೆ.

“ಬ್ಯಾಡ ತಾಯಿ. ಒಂದ್ ಕೇಳ್ವಿಗೆ ಒಂದೇ ಚೀಟಿ.”

ಅತ್ತಿಗೆ ಹಟ ಬಿಡಲಿಲ್ಲ. ಗಿಳಿ ಮತ್ತೆ ಅದೇ ಚೀಟಿ ಎಳೆಯಿತು. ಈಗ ಆ ಹೆಂಗಸು ನಮ್ಮ ಕಡೆ ತಿರುಗಿದ್ದಳು. ಅತ್ತಿಗೆಯದೇ ಮುಖ.

ಅಣ್ಣ ಗುಣವಾಗಿ ನಡೆದುಕೊಂಡೇ ಮನೆಗೆ ಬಂದ. ಅತ್ತಿಗೆ ಇಂದಿಗೂ ಅಡಿಗೆ ಮಾಡುತ್ತಾಳೆ, ಕರೆದರೆ ಓಗೊಡುತ್ತಾಳೆ. ಆದರೆ ಅಂದಿನಿಂದ ನಾವು ಯಾರೂ ಅವಳ ಮುಖ ಕಂಡಿಲ್ಲ. ಎದುರಿಗೆ ಹೋಗಿ ನಿಂತರೂ ಕಾಣುವುದು ಆ ಜಡೆ, ಬಾಡದ ಆ ಕನಕಾಂಬರ.