ಉರಿಯಲ್ಲಿ ಕುಗ್ಗಿದ ಉಂಗುರ

ಮನೆಯ ಪಡಸಾಲೆಯಲ್ಲಿ ತಾನು ನಡೆಸುವ ಕ್ಲೇ ಒಡವೆಯ ಕ್ಲಾಸಿಗೆ ತಬ್ರೇಜ ಬಂದ ಮೊದಲ ದಿನ ಶಮಾ ಅವನನ್ನು ಬಾಗಿಲಲ್ಲೇ ತಡೆದಳು. ಇದು ಹೆಂಗಸರ ಕ್ಲಾಸು, ಯಾರನ್ನು ಕರೆಯಲು ಬಂದಿರಿ ಎಂದು ಕೇಳಿದಳು. ಯಾರನ್ನೂ ಅಲ್ಲ, ಕಲಿಯಲು ಬಂದೆ ಎಂದ. ಸಿಂದಗಿ ಬಜಾರದಲ್ಲಿ ಬಳೆ ಅಂಗಡಿ ಇಟ್ಟವನು, ಊರಿನ ಅರ್ಧ ಹೆಂಗಸರಿಗೆ ಬಳೆ ತೊಡಿಸಿದವನು, ಕೂತು ಕ್ಲೇ ನಾದಲು ಬಂದಿದ್ದಾನೆಂದರೆ ಯಾರು ನಂಬಬೇಕು? ತನ್ನ ಕಿವಿಯೋಲೆಗಳ ಡಿಸೈನು ಕದಿಯಲು ಬಂದಿದ್ದಾನೆ ಎಂದೇ ಶಮಾ ತಿಳಿದಳು.

ಮಂಚದ ಮೇಲೆ ಮೆಂತ್ಯಪಲ್ಯ ಸೋಸುತ್ತ ಕೂತಿದ್ದ ಅವಳ ತಾಯಿ ದಾವಲಬಿಗೆ ಅಂಥ ಸಂಶಯವೇನೂ ಬರಲಿಲ್ಲ.

"ಒಳಗ ಬಿಡ ಅವನ್ನ. ಬಳಿಗಾರ ಅಂದ್ರ ಹೊರಗಿನಂವ ಅಲ್ಲ. ನನ್ನ ಲಗ್ನದಾಗ ನನಗ ಬಳಿ ಇಡಿಸಿದಂವ ಇವರಪ್ಪನ."

ಅಷ್ಟಾದ ಮೇಲೆ ತಡೆಯುವುದು ಹೇಗೆ? ತಬ್ರೇಜ ಚಪ್ಪಲಿ ಬಿಟ್ಟು ಬಂದು ಮೂಲೆಯ ಚಾಪೆ ಹಿಡಿದ.

ಶಮಾ ಈ ವಿದ್ಯೆಯನ್ನು ಪುಣೆಯ ಒಬ್ಬ ಹೆಂಗಸಿನ ಆನ್‌ಲೈನ್ ಕ್ಲಾಸಿನಲ್ಲಿ ಕಲಿತಿದ್ದಳು. ಮೊದಲು ಪಾಲಿಮರ್ ಕ್ಲೇ: ಬಣ್ಣಬಣ್ಣದ ಮೆತ್ತನೆಯ ಮುದ್ದೆ. ಚೆನ್ನಾಗಿ ನಾದಿ, ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ ಸಣ್ಣ ಒವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಹೇಳುವುದಕ್ಕೆ ಸುಲಭ. ತಬ್ರೇಜ ಮಣಿ ಮಾಡಿದರೆ ಗೋಲಿಗುಂಡು, ಓಲೆ ಮಾಡಿದರೆ ಕರಿದ ಶಂಕರಪಾಳಿ. ಅವಳು ಎಲ್ಲರೆದುರು ಬೈಯುತ್ತಿದ್ದಳು. ಅವನು ಬೈಸಿಕೊಂಡು, ಹೌದ್ರಿ ಟೀಚರ್ ಎಂದು ತಲೆ ಬಗ್ಗಿಸಿ, ಮತ್ತೊಂದು ಶಂಕರಪಾಳಿ ಮಾಡುತ್ತಿದ್ದ. ತಲೆ ಬಗ್ಗಿಸುವ ಮೊದಲು ಒಂದು ಗಳಿಗೆ ಮಾತ್ರ ಅವಳ ಮುಖ ನೋಡುತ್ತಿದ್ದ. ಆ ಒಂದು ಗಳಿಗೆಗಾಗಿ ತಾನು ಸ್ವಲ್ಪ ಹೆಚ್ಚೇ ಬೈಯುತ್ತಿದ್ದೇನೆ ಎಂಬುದು ಅವಳಿಗೆ ತಡವಾಗಿ ಹೊಳೆಯಿತು.

ಕ್ಲಾಸಿನಲ್ಲಿ ಸುನೀತಾ ಎಂಬ ಶಾಲೆಯ ಟೀಚರಮ್ಮ ಇದ್ದಳು. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ ಬರುವುದು. ಒಂದು ದಿನ ಅವಳು, ಮುಟ್ಟದೆ ನಮ್ಮ ಕೈಯಳತೆ ಹೇಳು ತಬ್ರೇಜಣ್ಣ ಎಂದು ಪಂಥ ಕಟ್ಟಿದಳು. ಅವನು ಎಲ್ಲರ ಮುಂಗೈ ನೋಡಿ ಒಂದೊಂದಾಗಿ ಬಳೆಯ ಸೈಜು ಹೇಳಿದ. ಒಂದೂ ತಪ್ಪಲಿಲ್ಲ. ಶಮಾ ಕೈ ಚಾಚಿದಾಗ ಮಾತ್ರ ಮೇಲಿನ ಫ್ಯಾನ್ ನೋಡತೊಡಗಿದ.

"ನಿಮ್ಮದು ಗೊತ್ತಾಗೂದಿಲ್ರಿ."

ಅವನ ಕಿವಿ ಕೆಂಪಾಗಿದ್ದು ಎಲ್ಲರಿಗೂ ಕಂಡಿತು, ಸಿಟ್ಟಿನಲ್ಲಿದ್ದ ಶಮಾಳೊಬ್ಬಳನ್ನು ಬಿಟ್ಟು. ಊರ ಹೆಂಗಸರದೆಲ್ಲ ಗೊತ್ತಾಗುತ್ತದೆ, ನನ್ನದೇನು ಕೈಯಲ್ಲವೇ ಎಂದು ಆ ದಿನ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಸುನೀತಾ ಅವನಿಗೆ ಅಣ್ಣ ಎನ್ನುತ್ತಿದ್ದಳು, ಉಳಿದವರು ಭಾಯಿ ಎನ್ನುತ್ತಿದ್ದರು. ಶಮಾ ಒಮ್ಮೆಯೂ ಭಾಯಿ ಎನ್ನಲಿಲ್ಲ. ಬರೀ "ರೀ" ಎಂದು ಕೆಲಸ ಸಾಗಿಸುತ್ತಿದ್ದಳು. ಅವನು ಅವಳಿಗೆ ಇಷ್ಟವಾಗಿದ್ದ. ಇದರಲ್ಲಿ ಸುತ್ತಿ ಬಳಸಿ ಹೇಳುವುದೇನಿದೆ?

ಹೀಗಿರುವಾಗ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ತಬ್ರೇಜನ ತಾಯಿ ಮನಗೂಳಿಗೆ ಹೋಗಿ ಹುಡುಗಿ ನೋಡಿ ಬಂದಿದ್ದಾಳೆ, ಇನ್ನೇನು ಗಟ್ಟಿಯಾದಂತೆಯೇ ಎಂದು ಸುನೀತಾ ಹೇಳಿದಳು. ಇತ್ತ ನಾಲತವಾಡದಿಂದ ಶಮಾಳಿಗೇ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಬೇಡ ಎನ್ನಲು ಒಂದು ನೆಪವೂ ಸಿಗುವಂತಿರಲಿಲ್ಲ. ಶುಕ್ರವಾರ ನಮಾಜು ಮುಗಿಸಿ ಅವರು ಮಾತು ಗಟ್ಟಿ ಮಾಡಿ ಮಂಗ್ನಿಯ ದಿನ ಗೊತ್ತುಮಾಡಲು ಬರುವವರಿದ್ದರು. ಗುರುವಾರ ಕ್ಲಾಸು ಮುಗಿಯುತ್ತಲೇ ಹೂಂ ಇಲ್ಲವೇ ಉಹೂಂ ಹೇಳಿಬಿಡು ಎಂದು ದಾವಲಬಿ ಮಗಳಿಗೆ ಹೇಳಿದಳು. ತಬ್ರೇಜ ಮನಗೂಳಿಯವಳ ಪಾಲಾದ ಮೇಲೆ ತಾನು ಉಹೂಂ ಅಂದು ಯಾರಿಗಾಗಿ ಕಾಯಬೇಕು? ಶಮಾ ಹೂಂ ಅನ್ನುವುದೆಂದು ನಿರ್ಧರಿಸಿದಳು.

ಆ ಗುರುವಾರ ಬೆಳ್ಳಿ ಕ್ಲೇ ಕೆಲಸದ ಕೊನೆಯ ದಿನ. ಬೆಳ್ಳಿಯ ನುಣ್ಣನೆಯ ಪುಡಿಗೆ ಅಂಟು, ನೀರು ಕೂಡಿಸಿದ ಹಿಟ್ಟು ಅದು. ಬೇಕಾದ ಆಕಾರ ಮಾಡಿ, ಒಣಗಿಸಿ, ಗ್ಯಾಸಿನ ಉರಿ ಹಿಡಿದರೆ ಅಂಟೆಲ್ಲ ಸುಟ್ಟು ಹೋಗಿ ಅಪ್ಪಟ ಬೆಳ್ಳಿ ಉಳಿಯುತ್ತದೆ. ಅಂಟು ಹೋದಷ್ಟೂ ವಸ್ತು ಕುಗ್ಗುತ್ತದೆ. ಅದಕ್ಕೇ ಉಂಗುರವನ್ನು ಬೆರಳಿಗಿಂತ ಎರಡು ಸೈಜು ದೊಡ್ಡದು ಮಾಡಬೇಕು. ಹಿಂದಿನ ಕ್ಲಾಸಿನಲ್ಲಿ ಶಮಾ ಇದನ್ನು ಎಲ್ಲರಿಗೂ ಒತ್ತಿ ಹೇಳಿದ್ದಳು, ತಬ್ರೇಜನೂ ತಲೆಯಾಡಿಸಿದ್ದ.

ಆದರೆ ತಲೆ ಕೇಳಿದ್ದನ್ನು ಬಳೆಗಾರನ ಕೈ ಕೇಳಬೇಕಲ್ಲ. ಗಿರಾಕಿಗೆ ಸಡಿಲ ಬಳೆ ಇಟ್ಟು ಕಳಿಸಿದರೆ ಅಂಗಡಿಯ ಹೆಸರು ಕೆಡುತ್ತದೆ ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದ ಕೈ ಅದು. ಒಣಗಿದ ಅವನ ಉಂಗುರವನ್ನು ಶಮಾ ಅಳತೆಯ ಕೋಲಿಗೆ ಹಾಕಿ ನೋಡಿದಳು. ಒಂದು ಕೂದಲೆಳೆಯಷ್ಟೂ ಸಡಿಲ ಬಿಟ್ಟಿರಲಿಲ್ಲ. ಹೆಂಗಸಿನ ಬೆರಳಿಗೆ ತಕ್ಕ ಅಳತೆಯಲ್ಲೇ ಇತ್ತು. ಮಾಟವೂ ಚೆಂದವಿತ್ತು, ಸುತ್ತಲೂ ಸಣ್ಣ ಗೋಧಿಕಾಳಿನ ಸಾಲು. ಶಂಕರಪಾಳಿ ಮಾಡುತ್ತಿದ್ದವನು ಇಷ್ಟು ಮನಸಿಟ್ಟು ಮಾಡಿದ್ದಾನೆಂದರೆ ಯಾರಿಗೆಂದು ಬೇರೆ ಕೇಳಬೇಕೆ?

ಇದು ಕುಗ್ಗುತ್ತದೆ, ನೀರು ಹಾಕಿ ಕಲಸಿ ಮತ್ತೆ ಮಾಡಿ ಎಂದು ಹೇಳಬೇಕಾದದ್ದು ಟೀಚರ್ ಧರ್ಮ. ಶಮಾ ಬಾಯಿ ತೆರೆದಳು. ಮನಗೂಳಿಯ ಹುಡುಗಿ ಬೆರಳು ಮುಂದೆ ಮಾಡಿ ನಿಂತಂತೆ ಅನಿಸಿ ಬಾಯಿ ಮುಚ್ಚಿದಳು. ಹೋಗದಿರಲಿ, ಆಕೆಯ ಬೆರಳಿಗೆ ಹೋಗದಿರಲಿ ಎಂದುಕೊಂಡು ಉಂಗುರವನ್ನು ಇಟ್ಟಿಗೆಯ ಮೇಲಿಟ್ಟು ತಾನೇ ಉರಿ ಹಿಡಿದಳು. ಸ್ವಲ್ಪ ಹೊಗೆ ಬಂತು, ಆಮೇಲೆ ಉಂಗುರ ಕೆಂಡದ ಬಣ್ಣಕ್ಕೆ ತಿರುಗಿತು.

ಉಳಿದವರು ತಮ್ಮ ತಮ್ಮ ಒಡವೆ ಹಿಡಿದು ಮನೆಗೆ ಹೋದರು. ದಾವಲಬಿ ಎಂದಿನಂತೆ ಮಂಚದ ಮೇಲೆ ಪಲ್ಯ ಸೋಸುತ್ತಿದ್ದಳು. ತಬ್ರೇಜ ಆರಿದ ಉಂಗುರವನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜುತ್ತ ಕೂತ. ಬಿಳಿ ಸುಣ್ಣದಂತಿದ್ದದ್ದು ಹೊಳೆಯತೊಡಗಿತು. ಹೊಳಪಿನ ಜೊತೆಗೇ ಅದು ಎಷ್ಟು ಸಣ್ಣದಾಗಿದೆ ಎಂಬುದೂ ಅವನಿಗೆ ಕಂಡಿತು. ಉಂಗುರ ನೋಡಿದ, ಶಮಾಳ ಕೈ ನೋಡಿದ. ಇಷ್ಟು ದಿನ ಓರೆಗಣ್ಣಲ್ಲೇ ಅಳೆದಿದ್ದ ಆ ಕೈಯನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಇದು ಹೋಗೂದಿಲ್ರಿ," ಎಂದ. ದನಿ ಕುಸಿದಿತ್ತು.

"ಯಾರ ಬೆರಳಿಗೆ?"

"ನಿಮ್ಮ ಬೆರಳಿಗೆ."

ಶಮಾಳ ಕೈಯಲ್ಲಿದ್ದ ಚಿಮಟ ಇಟ್ಟಿಗೆಯ ಮೇಲೆ ಬಿತ್ತು. ಅವನು ತಲೆ ಎತ್ತದೆ ಉಳಿದದ್ದನ್ನೂ ಹೇಳಿದ. ಮನಗೂಳಿಗೆ ಹೋಗಿ ಬಂದ ತಾಯಿಗೆ ಒಲ್ಲೆ ಎಂದು ಅಂದೇ ಹೇಳಿದ್ದ. ಸಂಜೆ ಈ ಉಂಗುರವನ್ನು ತಾಯಿಯ ಕೈಯಲ್ಲಿ ಕೊಟ್ಟು ಈ ಮನೆಗೆ ಕಳಿಸುವುದೆಂದು ಮನಸ್ಸಿನಲ್ಲಿತ್ತು. ಈ ಕ್ಲಾಸಿಗೆ ಸೇರಿದ್ದೂ ಅವಳಿಗಾಗಿಯೇ. ಇಷ್ಟು ದಿನದಲ್ಲಿ ಒಂದೂ ತಪ್ಪದ ಕಣ್ಣು ಇವತ್ತೇ ಕೈಕೊಟ್ಟಿತೆಂದರೆ ನಸೀಬದಲ್ಲಿ ಬರೆದಿಲ್ಲವೇನೋ ಎಂದು ಉಂಗುರವನ್ನು ಮಣೆಯ ಮೇಲಿಟ್ಟು ಎದ್ದ.

ಸುಮ್ಮನಿದ್ದರೆ ಅವನು ಹೋಗಿಬಿಡುತ್ತಾನೆ. ಹೇಳಿದರೆ ತನ್ನ ಮಾನ ಹೋಗುತ್ತದೆ, ಅದೂ ತಾಯಿಯ ಎದುರಿಗೆ. ತಬ್ರೇಜನ ಒಂದು ಕಾಲು ಆಗಲೇ ಚಪ್ಪಲಿಯೊಳಗೆ ಹೋಗಿತ್ತು. ಶಮಾ ಮಾನವನ್ನು ಬಿಟ್ಟಳು.

"ನಿಮ್ಮ ಕಣ್ಣು ತಪ್ಪಿಲ್ರಿ. ಅಳತಿ ಬರೋಬ್ಬರಿ ಇತ್ತು. ಕುಗ್ಗತೈತಿ ಅಂತ ನನಗ ಗೊತ್ತಿತ್ತು, ಗೊತ್ತಿದ್ದ ಸುಟ್ಟೆ. ಮನಗೂಳಿ ಹುಡಿಗಿಗಿ ಅಂತ ತಿಳಕೊಂಡಿದ್ದೆ. ಆಕಿ ಬೆರಳಿಗಿ ಹೋಗಬಾರದು ಅಂತ ಬೇಕಂತನ ಸುಟ್ಟೆ."

ತಬ್ರೇಜ ಒಂದು ಚಪ್ಪಲಿಯಲ್ಲೇ ನಿಂತು ಅವಳನ್ನು ನೋಡಿದ. ಫ್ಯಾನ್ ನೋಡಲಿಲ್ಲ, ತಲೆ ಬಗ್ಗಿಸಲಿಲ್ಲ. ಅವನ ಮುಖದಲ್ಲಿ ನಗು ಮೆಲ್ಲಗೆ ಮೂಡಿ ಕಣ್ಣಿನ ತನಕ ಏರಿದ್ದನ್ನು ಶಮಾ ಕಂಡಳು. ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟಳು.

"ಇಷ್ಟು ಹೊಟ್ಟಿಕಿಚ್ಚ ಪಟ್ಟಿರೇನ್ರಿ?" ಎಂದು ಅವನು ಮೆತ್ತಗೆ ಕೇಳಿದ.

"ಹೌದು," ಎಂದಳು ಶಮಾ.

ದಾವಲಬಿ ಪಲ್ಯದ ಬುಟ್ಟಿಯನ್ನು ಬದಿಗೆ ಸರಿಸಿದಳು. ಸಂಜೆ ನಿಮ್ಮಮ್ಮನನ್ನು ಕಳಿಸಪ್ಪ ಎಂದು ತಬ್ರೇಜನಿಗೆ ಹೇಳಿ, ಸೆರಗಿಗೆ ಕೈ ಒರೆಸಿಕೊಂಡು ನಾಲತವಾಡಕ್ಕೆ ಫೋನ್ ಹಚ್ಚಿದಳು. ಮಗಳು ಒಲ್ಲೆ ಅಂತಾಳೆ, ಮನಸಿಗೆ ಹಚ್ಚಿಕೊಳ್ಳಬೇಡಿ, ನಾಳೆ ಬರುವ ತೊಂದರೆ ತಗೊಳ್ಳಬೇಡಿ ಎಂದು ತಾಯಿ ನಿಧಾನವಾಗಿ ಹೇಳುತ್ತಿದ್ದರೆ, ಒಂದೊಂದು ಮಾತಿಗೂ ಶಮಾಳ ಎದೆ ಹಗುರವಾಗುತ್ತ ಹೋಯಿತು. ಸ್ವಲ್ಪ ಅಳುವೂ ಬಂತು. ತಡೆಯಲು ಹೋಗಲಿಲ್ಲ.

ತಬ್ರೇಜ ಮಣೆಯ ಮೇಲಿನ ಉಂಗುರಕ್ಕೆ ಕೈ ಚಾಚಿದ. ಇದನ್ನು ಇಲ್ಲೇ ಬಿಡೋಣ, ಸರಿಯಾದ್ದೊಂದು ಮತ್ತೆ ಮಾಡುತ್ತೇನೆ ಎಂದ. ಶಮಾ ಅವನಿಗಿಂತ ಮೊದಲೇ ಅದನ್ನು ಎತ್ತಿಕೊಂಡು ತನ್ನ ಕಿರುಬೆರಳಿಗೆ ಹಾಕಿದಳು. ಅಲ್ಲಿ ಅದು ಹಿಡಿಸಿತು.

"ಮಂಗ್ನಿಗಿ ಇನ್ನೊಂದು ಮಾಡ್ರಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇದನ್ನ ಮಾತ್ರ ನಾ ಯಾರಿಗೂ ಕೊಡೂದಿಲ್ಲ."