ಸೇತುವೆಯ ಗಂಟೆ

“ಇದಕ್ಕಿಂತ ಜೋರಾಗಿ ಹೋಗಲ್ವಾ?” ಎಂದು ಕೇಳಿದರು ರುಕ್ಮಿಣಿ.

“ಇದೇ ಟಾಪ್ ಸ್ಪೀಡು,” ಎಂದರು ಅಶ್ವತ್ಥ, ಸ್ಟಿಯರಿಂಗ್ ಹಿಡಿದುಕೊಂಡು, ಬಹಳ ಗಂಭೀರವಾಗಿ.

ದಡದ ಮೇಲೆ ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಿದ್ದ ಹೆಂಗಸೊಬ್ಬಳು ಅವರ ಬಾಡಿಗೆ ಬೋಟನ್ನು ಆರಾಮಾಗಿ ಹಿಂದೆ ಹಾಕಿ ಹೋದಳು. ಸಿಯಾಟಲ್‌ನ ಫ್ರೀಮಾಂಟ್ ಕಾಲುವೆಯಲ್ಲಿ ಆ ಮಧ್ಯಾಹ್ನ ಯಾರಿಗೂ ಅವಸರವಿರಲಿಲ್ಲ. ರುಕ್ಮಿಣಿಗೆ ಮಾತ್ರ ಇತ್ತು. ಊರಾಚೆ ಬಾಥೆಲ್‌ನಲ್ಲಿರುವ ಮಗನ ಮನೆಯಲ್ಲಿ ಅವರು ಹೇಳಿ ಬಂದಿದ್ದು, ದೇವಸ್ಥಾನಕ್ಕೆ ಹೋಗ್ತೀನಿ ಅಂತ.

ಅಶ್ವತ್ಥ ತಮ್ಮ ಮಗಳು ಭಾವನಾಗೂ ಅದನ್ನೇ ಹೇಳಿದ್ದರು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ರುಕ್ಮಿಣಿ ಮೈಸೂರಿನಿಂದ ಬಂದವರು, ಅಶ್ವತ್ಥ ಬೆಂಗಳೂರಿನಿಂದ. ಆಕೆ ಗಂಡನನ್ನು, ಅವರು ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾಗಿದ್ದವು. ದೇವಸ್ಥಾನದ ಊಟದ ಸಾಲಿನಲ್ಲಿ ಪರಿಚಯವಾಯಿತು. ಅಲ್ಲಿಂದೀಚೆಗೆ ಇಬ್ಬರ ಭಕ್ತಿಯೂ ವಿಪರೀತ ಹೆಚ್ಚಿತ್ತು.

ರುಕ್ಮಿಣಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು, ಭದ್ರವಾಗಿದೆಯೇ ಎಂದು ನೋಡಿದರು. ಒಣದ್ರಾಕ್ಷಿ, ಕಲ್ಲುಸಕ್ಕರೆ.

“ಏನದು?”

“ಪ್ರಸಾದ. ಬೆಳಿಗ್ಗೇನೇ ಅಡುಗೆಮನೇಲಿ ಕಟ್ಟಿಟ್ಕೊಂಡೆ. ಬರಿಗೈಲಿ ಹೋದ್ರೆ ಮಗ ನಂಬ್ತಾನಾ?”

ಅಶ್ವತ್ಥ ನಕ್ಕರು. ಆ ನಗು ಬೇಗ ಮುಗಿಯಿತು.

“ಶುಕ್ರವಾರ ನಿಮ್ಮ ಫ್ಲೈಟು,” ಎಂದರು. “ಮುಂದಿನ ತಿಂಗಳು ನಾನೂ ಹೊರಡ್ತೀನಿ. ನೀವು ಬನ್ನಿ ಅಂದ್ರೆ ಮೈಸೂರಿಗೂ ಬರ್ತೀನಿ. ಆದ್ರೆ ಕದ್ದುಮುಚ್ಚಿ ಬರಲ್ಲ. ಕಾಂಪೌಂಡ್ ಹಾರೋಕೆ ಮಂಡಿ ಬಿಡಲ್ಲ.”

“ತಮಾಷೆ ಮಾಡ್ಬೇಡಿ.”

“ತಮಾಷೆ ಅಲ್ಲ. ನೀವಂದ್ರೆ ನಂಗಿಷ್ಟ, ರುಕ್ಮಿಣಿಯವರೇ. ಮನೇಲಿ ಹೇಳಿ. ಆಗಲ್ಲ ಅಂದ್ರೆ ಇವತ್ತಿಗೇ ನಿಲ್ಲಿಸಿಬಿಡೋಣ. ಸುಳ್ಳು ಹೇಳಿ ಹೇಳಿ ಸಾಕಾಗಿದೆ.”

ರುಕ್ಮಿಣಿ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡರು. ಅವರಿಗೂ ಇಷ್ಟವಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಮಗನ ಮುಖ ನೆನೆದರೆ ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ಅಪ್ಪನ ಫೋಟೋಗೆ ದಿನಾ ತಾನೇ ಹೂವಿಡುವ ಮಗ ಅವನು.

ಎದುರಿಗೆ ತಗ್ಗಾದ ನೀಲಿ ಸೇತುವೆ. ಎತ್ತರದ ಹಾಯಿದೋಣಿಯೊಂದು ಬರುತ್ತಿತ್ತು. ಅದಕ್ಕೆ ದಾರಿ ಬಿಡಲು ಸೇತುವೆ ಮೇಲೇಳಬೇಕು. ಅದೇ ಹೊತ್ತಿಗೆ ರುಕ್ಮಿಣಿಗೆ ಮಗ ಸುಮುಖ್‌ನ ಫೋನ್ ಬಂತು.

“ಅಮ್ಮಾ, ಎಲ್ಲಿದೀಯಾ?”

ಉತ್ತರ ಹೊಳೆಯುವ ಮೊದಲೇ, ಕಾರುಗಳನ್ನು ತಡೆಯುವ ಸೇತುವೆಯ ಗಂಟೆ ಢಣಢಣ ಹೊಡೆದುಕೊಳ್ಳತೊಡಗಿತು.

“ಓ, ಗಂಟೆ ಕೇಳಿಸ್ತಿದೆ. ಮಂಗಳಾರತೀನಾ? ಆಮೇಲೆ ಕಾಲ್ ಮಾಡ್ತೀನಿ ಬಿಡು,” ಎಂದ ಸುಮುಖ್.

ಇಷ್ಟು ಅಚ್ಚುಕಟ್ಟಾದ ಸುಳ್ಳು ಕೇಳದೆಯೇ ಸಿಕ್ಕಿತ್ತು. ಹ್ಞೂಂ ಅಂದಿದ್ದರೆ ಸಾಕಿತ್ತು. ಅಶ್ವತ್ಥ ಆಕೆಯ ಕಡೆ ನೋಡದೆ ಸ್ಟಿಯರಿಂಗನ್ನೇ ನೋಡುತ್ತಿದ್ದರು.

“ಇರು, ಇಡಬೇಡ,” ಎಂದರು ರುಕ್ಮಿಣಿ. “ಮಂಗಳಾರತಿ ಅಲ್ಲ ಕಣೋ. ಸೇತುವೆ ಗಂಟೆ. ನಾನು ಬೋಟಲ್ಲಿದೀನಿ. ಅಶ್ವತ್ಥ ಅವರ ಜೊತೆ.”

ಸೇತುವೆ ಎರಡಾಗಿ ನಿಧಾನಕ್ಕೆ ಮೇಲೆದ್ದಿತು.

“ಯಾರು, ಭಾವನಾ ಅವ್ರ ತಂದೆನಾ?”

“ಹೂಂ. ಸಂಜೆ ಮನೆಗೆ ಕರ್ಕೊಂಡು ಬರ್ತೀನಿ, ಕಾಫಿಗೆ. ನಿನ್ ಹತ್ರ ಮಾತಾಡ್ಬೇಕು.”

ಹಾಯಿದೋಣಿ ಸೇತುವೆ ದಾಟಿತು. ಕೊನೆಗೆ ಸುಮುಖ್ ಕೇಳಿದ: “ಲೈಫ್ ಜಾಕೆಟ್ ಹಾಕ್ಕೊಂಡಿದೀರಾ, ಇಬ್ರೂ?”

“ಹಾಕ್ಕೊಂಡಿದೀವಿ.”

ರುಕ್ಮಿಣಿ ಫೋನ್ ಇಟ್ಟರು. ಅಶ್ವತ್ಥ ಆಕೆಯ ಕೈ ಹಿಡಿದುಕೊಂಡರು. ಬೋಟು ಸ್ವಲ್ಪ ಸೊಟ್ಟಗೆ ಹೋಯಿತು. ಆ ವೇಗಕ್ಕೆ ಅಪಾಯವೇನೂ ಇರಲಿಲ್ಲ.

ರುಕ್ಮಿಣಿ ಇನ್ನೊಂದು ಕೈಯಲ್ಲಿ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದರು.

“ತಗೊಳ್ಳಿ. ಇನ್ನು ಇದನ್ನ ಮನೆಗೆ ತಗೊಂಡು ಹೋಗ್ಬೇಕಾಗಿಲ್ಲ.”