ಒದ್ದೆ ಕಟ್ಟುಗಳು

ಸೋಮವಾರ ಬೆಳಗ್ಗೆ 9:10ಕ್ಕೆ ಪತ್ರಾಗಾರದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು. ಭಾನುವಾರ ಯಾರೋ ಮೇಲಂತಸ್ತಿಗೆ ನೀರು ಬಿಟ್ಟಿದ್ದಾರೆ, ನೂರು ವರ್ಷದ ಜನನ-ಮರಣ ದಾಖಲೆಗಳು ನೆನೆದು ಮುದ್ದೆಯಾಗಿವೆ. ಎಫ್‌ಐಆರ್ ದಾಖಲಾಯಿತು.

ಕಟ್ಟಡ ಮೊದಲು ಆಸ್ಪತ್ರೆಯಾಗಿತ್ತು. ಮೇಲಂತಸ್ತಿನ ಹಳೇ ವಾರ್ಡಿಗೆ ಸುಣ್ಣ ಬಳಿದು, ಕಬ್ಬಿಣದ ಕಪಾಟು ನಿಲ್ಲಿಸಿ, ಬಾಗಿಲಿಗೆ ಫಲಕ ಹೊಡೆದರೆ ಪತ್ರಾಗಾರ ಆಗಿಬಿಡುತ್ತದೆಯೇ? ಕೆಳಗಿನ ಮರದ ತೊಲೆಗಳ ಗೊಡವೆಗೆ ಯಾರೂ ಹೋಗಿರಲಿಲ್ಲ.

9:50ಕ್ಕೆ ಇನ್ಸ್‌ಪೆಕ್ಟರ್ ಮೇಲೆ ಹತ್ತಿದರು. ನಲ್ಲಿಗೆ ರಬ್ಬರ್ ಪೈಪನ್ನು ಮೇಣದ ದಾರದಿಂದ ಬಿಗಿಯಲಾಗಿತ್ತು. ಅಷ್ಟರಲ್ಲಿ ಪತ್ರಾಗಾರದಲ್ಲಿ ಪುಸ್ತಕ ಹೊಲಿಯುವ ಮುದುಕ ಬೈಂಡರ್ ಬೆನ್ನಿಗೆ ಬಿದ್ದ.

"ಸಾರ್, ಒದ್ದೆ ಕಾಗದ ಭಾರ. ಮೊದ್ಲು ಕೆಳಗಿಳಿಸಿಬಿಡಿ."

"ಪಂಚನಾಮೆ ಮುಗಿಯೋವರೆಗೂ ಒಂದು ಹಾಳೆನೂ ಅಲುಗಾಡಬಾರದು."

ಮುದುಕ ಮತ್ತೆರಡು ಸಲ ಬಂದು ಅದನ್ನೇ ಹೇಳಿದ. ತಲೆ ತಿನ್ನಬೇಡ ಎಂದು ಇನ್ಸ್‌ಪೆಕ್ಟರ್ ಗದರಿಸಿ ಕಳಿಸಿದರು. ಪಂಚರಿಬ್ಬರು ಬರುವುದು ತಡವಾಯಿತು. ಬರೀ ಸಹಿ ಹಾಕುವವರಿಗಾಗಿ ಎಲ್ಲರೂ ಅಂಗಳದಲ್ಲಿ ಕೈಕಟ್ಟಿ ಕಾದರು.

11:25ಕ್ಕೆ ವಾರ್ಡಿನ ನೆಲ ಕುಸಿಯಿತು. ಕೆಳಗಿನ ಕೋಣೆಯಲ್ಲಿ ಸಿಕ್ಕಿದ್ದು ಒಂದೇ ದೇಹ, ಬೈಂಡರನ ಮಗಳದ್ದು. ಅವಳೂ ಅಲ್ಲಿಯೇ ಕಾಗದ ವಿಂಗಡಿಸುವ ಕೆಲಸದವಳು. ಆ ದಿನ ರಜೆಯಲ್ಲಿದ್ದಳು. ದಾಖಲೆ ನೆನೆದಿವೆ ಎಂದು ಗೆಳತಿ ಫೋನ್ ಮಾಡಿದ್ದೇ ತಡ, ಹೀರುಕಾಗದ ತರಲು ಹಿಂಬಾಗಿಲಿಂದ ಆ ಕೋಣೆಗೆ ಓಡಿದ್ದಳಂತೆ.

ಸಂಜೆ ನಾಲ್ಕಕ್ಕೆ ಕಾನ್‌ಸ್ಟೆಬಲ್ ಬೈಂಡರನ ಮೇಜಿನಿಂದ ಅದೇ ಮೇಣದ ದಾರದ ಉಂಡೆ ತಂದ, ಜೊತೆಗೆ ಅವನು ಮುಖ್ಯಸ್ಥೆಗೆ ಬರೆದಿದ್ದ ಐದು ಪತ್ರಗಳ ಪ್ರತಿ. ಐದರಲ್ಲೂ ಇದ್ದದ್ದು ಒಂದೇ ಮಾತು: ತೊಲೆ ಬಾಗಿದೆ, ಕಪಾಟು ಇಳಿಸಿ. ಯಾವುದಕ್ಕೂ ಉತ್ತರ ಬಂದಿರಲಿಲ್ಲ.

ಮುದುಕ ತಪ್ಪಿಸಿಕೊಳ್ಳಲು ನೋಡಲೇ ಇಲ್ಲ.

"ನೀರು ಬಿಟ್ಟಿದ್ದು ನೀನೇನಾ?"

"ಹೂಂ ಸಾರ್."

"ಒದ್ದೆಯಾದ್ರೆ ಭಾರ ಅಂತ ಗೊತ್ತಿದ್ದೂ?"

"ನೆಂದ ದಾಖಲೆನ ಯಾರೂ ಮೇಲೆ ಇಟ್ಕೊಂಡು ಕೂರಲ್ಲ. ಸಿಕ್ಕಿದ ತಕ್ಷಣ ಒಣಗಿಸೋಕೆ ಅಂಗಳಕ್ಕೆ ಇಳಿಸ್ತಾರೆ. ನಮ್ಮ ಕೆಲಸದಲ್ಲಿ ಅದೇ ಪದ್ಧತಿ. ಇಳಿಸೋವರೆಗೂ ಮಗಳು ಮನೇಲಿರ್ಲಿ ಅಂತ ರಜೆ ಹಾಕಿಸಿದ್ದೆ." ಆಮೇಲೆ ಅವನೇ ಕೇಳಿದ, "ಯಾಕ್ ಸಾರ್ ಇಳಿಸಲಿಲ್ಲ?"

5:15ಕ್ಕೆ ಬಂಧನವಾಯಿತು. ಮುದುಕನ ಕೊನೆಯ ಪ್ರಶ್ನೆಯನ್ನೂ ಹೇಳಿಕೆಯಲ್ಲಿ ಬರೆಯಬೇಕೇ ಎಂದು ಬರಹಗಾರ ಕಾನ್‌ಸ್ಟೆಬಲ್ ಕೇಳಿದ. ಇನ್ಸ್‌ಪೆಕ್ಟರ್ ಬರೆ ಎಂದರು. ಅದರ ಕೆಳಗೆ, 9:50ಕ್ಕೆ ಕಟ್ಟುಗಳನ್ನು ಮುಟ್ಟಬಾರದೆಂದು ಹೇಳಿದವರು ಯಾರು ಎಂಬಲ್ಲಿ, ತಮ್ಮ ಹೆಸರನ್ನು ತಾವೇ ಬರೆದರು.